ಕಲ್ಲಾಗುವ ಮುಂದೋಳು

ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿ ಹೆರೆಸ್ ಎಂಬುದೊಂದು ಊರು. ದ್ರಾಕ್ಷಿಯ ಮದ್ಯಕ್ಕೂ ಸೊಗಸಾದ ಕುದುರೆಗಳಿಗೂ ಹಿಂದಿನಿಂದ ಹೆಸರಾದ ಈ ಊರಿಗೆ ಇನ್ನೊಂದು ಬಗೆಯ ಕುದುರೆಯಿಂದಲೂ ಕೀರ್ತಿ ಬಂದಿದೆ. ಅದು ಮೋಟಾರು ಸೈಕಲ್ಲು. ಅಲ್ಲಿನ ಪಂದ್ಯದ ಪಥವನ್ನು ಒಮ್ಮೆ ಸುತ್ತಿದರೆ ನಾಲ್ಕೂವರೆ ಕಿಲೋಮೀಟರಿಗೆ ತುಸು ಕಡಮೆ. ಅಷ್ಟರಲ್ಲಿ 13 ತಿರುವುಗಳು. 2021ನೆಯ ಇಸವಿ ಮೇ 2ರಂದು ಅಲ್ಲಿ ನಡೆದ ವಿಶ್ವ ಪಂದ್ಯಾವಳಿಯ ಓಟದಲ್ಲಿ ಫ್ರಾನ್ಸಿನ ಫಾಬಿಯೋ ಕ್ವಾರ್ಟರಾರೋ ಎಂಬ 22 ವರ್ಷದ ತರುಣನು ಎಲ್ಲರಿಗಿಂತ ಮುಂದಿದ್ದನು. ಅದಕ್ಕೆ ಹಿಂದಿನ ಎರಡು ಓಟಗಳನ್ನೂ ಗೆದ್ದವನು ಆತನೇ. ಮೂರನೆಯದೂ ಆತನ ಕೈಸೇರಿದಂತೆಯೇ ಎಂದು ನೋಡುವವರೆಲ್ಲ ತೀರ್ಮಾನಿಸಿ ಆಗಿತ್ತು.

ಒಟ್ಟು 25 ಸುತ್ತುಗಳ ಓಟ. ಅರ್ಧ ದಾರಿ ಕಳೆಯುವವರೆಗೂ ಎಲ್ಲವೂ ಸುಗಮ. ಅನಂತರ ಆತನ ವೇಗ ಕುಗ್ಗತೊಡಗಿತು. ಮೊದಲು ಒಬ್ಬ ದಾಟಿದ, ಬಳಿಕ ಇನ್ನೊಬ್ಬ, ಬಳಿಕ ಸಾಲುಸಾಲಾಗಿ ಎಲ್ಲರೂ. ಮೊದಲನೆಯವನಾಗಿ ಮುಗಿಸಬೇಕಾಗಿದ್ದವನು ಹದಿಮೂರನೆಯವನಾಗಿ ಮುಗಿಸಿದನು. ಯಂತ್ರ ಕೆಟ್ಟಿರಲಿಲ್ಲ, ಸವಾರ ಬಿದ್ದಿರಲಿಲ್ಲ, ಧೈರ್ಯವೂ ಉಡುಗಿರಲಿಲ್ಲ. ಕೈಕೊಟ್ಟದ್ದು ಕೈಯೇ. ಆತನ ಬಲಗೈಯ ಮುಂದೋಳು, ಎಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಊದಿ ಬಿಗಿದು ಕಲ್ಲಿನಂತಾಗಿ ಬ್ರೇಕನ್ನು ಅದುಮುವ ಶಕ್ತಿಯನ್ನೇ ಕಳೆದುಕೊಂಡಿತ್ತು.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದುಂಟು. ಅಂದು ಆತನನ್ನು ಹಿಂದೆ ಹಾಕಿ ಗೆದ್ದ ಆಸ್ಟ್ರೇಲಿಯದ ಜ್ಯಾಕ್ ಮಿಲ್ಲರ್ ಇದೇ ಬೇನೆಗಾಗಿ, ಇದೇ ಬಲಗೈಗೆ, ಸುಮಾರು ನಾಲ್ಕು ವಾರಗಳ ಕೆಳಗಷ್ಟೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದನು. ಕತ್ತಿ ತಾಗಿದ ತೋಳು ಗೆದ್ದಿತು. ತಾಗಬೇಕಾಗಿದ್ದ ತೋಳು ಸೋತಿತು. ಕ್ವಾರ್ಟರಾರೋ ಅದೇ ವಾರದಲ್ಲಿ ಫ್ರಾನ್ಸಿಗೆ ಹೋಗಿ ಶಸ್ತ್ರವೈದ್ಯರ ಮುಂದೆ ತೋಳೊಡ್ಡಿದನು. ಹದಿನಾಲ್ಕು ದಿನಗಳ ಬಳಿಕ ಲೆ ಮಾನ್‌ನಲ್ಲಿ ಮೂರನೆಯ ಸ್ಥಾನ, ಆ ತಿಂಗಳ ಕೊನೆಗೆ ಇಟಲಿಯ ಮುಜೆಲ್ಲೋದಲ್ಲಿ ಮೊದಲ ಸ್ಥಾನ, ವರ್ಷಾಂತ್ಯಕ್ಕೆ ವಿಶ್ವ ಚಾಂಪಿಯನ್ ಪಟ್ಟ! ಕತೆಗಾರನೊಬ್ಬ ಹೀಗೆ ಬರೆದಿದ್ದರೆ ಓದುಗರು ನಂಬುತ್ತಿದ್ದರೋ ಇಲ್ಲವೋ.

ಸವಾರರು ಈ ಬೇನೆಯನ್ನು 'ಆರ್ಮ್ ಪಂಪ್' ಎನ್ನುತ್ತಾರೆ. ಸೈಕಲ್ಲಿನ ಚಕ್ರಕ್ಕೆ ಪಂಪು ಹೊಡೆದ ಹಾಗೆ ತೋಳು ಉಬ್ಬಿ ಬಿರುಸಾಗುವುದರಿಂದ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ವೈದ್ಯರದು ಇದಕ್ಕಿಂತ ಉದ್ದದ ಹೆಸರು: 'ಕ್ರಾನಿಕ್ ಎಕ್ಸರ್ಷನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್'. ಶ್ರಮಪಟ್ಟಾಗಲೆಲ್ಲ ಮರುಕಳಿಸುವ, ಸ್ನಾಯುಗಳ ಕೋಣೆಯೊಳಗಿನ ಬೇನೆ ಎಂದು ಅದನ್ನು ಬಿಡಿಸಿ ಹೇಳಬಹುದು. ಈ 'ಕೋಣೆ' ಎಂಬ ಮಾತಿನಲ್ಲಿಯೇ ರೋಗದ ಗುಟ್ಟೆಲ್ಲ ಅಡಗಿದೆ.

ಮುಂದೋಳಿನ ಸ್ನಾಯುಗಳು ಚರ್ಮದ ಕೆಳಗೆ ಸುಮ್ಮನೆ ಹರಡಿಕೊಂಡಿಲ್ಲ. ಬೆರಳುಗಳನ್ನು ಮಡಚುವ ಸ್ನಾಯುಗಳು ಒಳಮಗ್ಗುಲಲ್ಲಿ ಒಂದು ಕಟ್ಟಾಗಿಯೂ, ಬಿಚ್ಚುವ ಸ್ನಾಯುಗಳು ಹೊರಮಗ್ಗುಲಲ್ಲಿ ಇನ್ನೊಂದು ಕಟ್ಟಾಗಿಯೂ, ಹೆಬ್ಬೆರಳ ಕಡೆಯ ಅಂಚಿನಲ್ಲಿ ಮತ್ತೊಂದು ಸಣ್ಣ ಕಟ್ಟಾಗಿಯೂ ಸೇರಿಕೊಂಡಿವೆ. ಪ್ರತಿಯೊಂದು ಕಟ್ಟನ್ನೂ ಬೆಳ್ಳಗಿನ, ಗಟ್ಟಿಯಾದ, ಹಿಗ್ಗದ ಒಂದು ಪೊರೆ ಸುತ್ತಿಕೊಂಡಿರುತ್ತದೆ. ಇದಕ್ಕೆ ಫೇಶಿಯಾ ಎಂದು ಹೆಸರು. ಅಡಿಗೆಮನೆಯಲ್ಲಿ ನಡೆಯುವ ಒಂದು ಸಂಗತಿಯಿಂದ ಇದನ್ನು ತಿಳಿಯಬಹುದು. ಒಣಗಿದ ಕಡಲೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟುಕಟ್ಟಿ ನೀರಿಗೆ ಹಾಕಿ. ರಾತ್ರಿ ಕಳೆದು ಬೆಳಗಾಗುವಾಗ ಗಂಟು ಕಲ್ಲಿನಂತಾಗಿರುತ್ತದೆ. ಕಾಳು ನೀರು ಹೀರಿ ಉಬ್ಬಿತು, ಬಟ್ಟೆ ಮಾತ್ರ ಹಿಗ್ಗಲಿಲ್ಲ. ಒಳಗಿನ ಒತ್ತಡವೆಲ್ಲ ಕಾಳಿನ ಮೇಲೆಯೇ ಬಿತ್ತು. ಮನೆಯ ಹೆಂಗಸರು ಗಂಟನ್ನು ಸಡಿಲವಾಗಿ ಕಟ್ಟುವುದು ಇದಕ್ಕಾಗಿಯೇ. ನಿಸರ್ಗವು ಮುಂದೋಳಿನ ಗಂಟನ್ನು ಕಟ್ಟುವಾಗ ಮೋಟಾರು ಸೈಕಲ್ಲಿನ ಓಟವನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲವಷ್ಟೆ.

ದುಡಿಯುವ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಅದರ ಗಾತ್ರ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚುವುದುಂಟು. ಪೊರೆ ಸಡಿಲವಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಪೊರೆ ಬಿಗಿಯಾಗಿದ್ದು, ವರ್ಷಗಟ್ಟಲೆ ಸಾಧನೆಯಿಂದ ಸ್ನಾಯುಗಳು ದಪ್ಪವಾಗಿ ಬೆಳೆದಿದ್ದರೆ ಕೋಣೆಯಲ್ಲಿ ಎಡೆ ಸಾಲದೆ ಒಳಗಿನ ಒತ್ತಡ ಏರುತ್ತದೆ. ಆಗ ಮೊದಲು ನಲುಗುವುವು ತೆಳುಗೋಡೆಯ ಅಭಿಧಮನಿಗಳು, ಎಂದರೆ ರಕ್ತವನ್ನು ಹೃದಯದ ಕಡೆಗೆ ಒಯ್ಯುವ ನಾಳಗಳು. ಬರುವ ರಕ್ತ ಬರುತ್ತಲೇ ಇರುತ್ತದೆ, ಹೋಗುವ ರಕ್ತಕ್ಕೆ ದಾರಿಯಿಲ್ಲ. ಊತ ಇನ್ನೂ ಹೆಚ್ಚುತ್ತದೆ. ಊತದಿಂದ ಒತ್ತಡ, ಒತ್ತಡದಿಂದ ಊತ. ಕೊನೆಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಹರಿವು ಕುಂದಿ ಸ್ನಾಯು ಪ್ರಾಣವಾಯುವಿಗಾಗಿ ಹಪಹಪಿಸುತ್ತದೆ. ನೋವು, ಬೆರಳುಗಳಲ್ಲಿ ಜೋಮು, ಹಿಡಿತದಲ್ಲಿ ನಿಶ್ಶಕ್ತಿ. ಬಲಹೀನನಿಗೆ ಬರುವ ಬೇನೆ ಇದಲ್ಲ. ಬಲಿಷ್ಠನಿಗೆ ಬಲದಿಂದಲೇ ಬರುವುದು ಎಂಬುದೇ ಇದರ ವೈಚಿತ್ರ್ಯ.

ಆದರೂ ಬಲಗೈಗೇ ಏಕೆ ಹೆಚ್ಚು? ಮೋಟಾರು ಸೈಕಲ್ಲಿನ ಹಿಡಿಕೆಯನ್ನು ಬಲ್ಲವರಿಗೆ ಉತ್ತರ ಕೂಡಲೇ ಹೊಳೆದೀತು. ವೇಗವನ್ನು ಏರಿಸುವ ಹಿಡಿ ಬಲಗೈಯಲ್ಲಿ, ಮುಂಚಕ್ರದ ಬ್ರೇಕೂ ಬಲಗೈಯಲ್ಲಿ. ಎಡಗೈಯ ಕ್ಲಚ್ಚಿಗಾದರೋ ಇಂದಿನ ಓಟದ ಯಂತ್ರಗಳಲ್ಲಿ ಹೊರಡುವಾಗ ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಗಂಟೆಗೆ 300 ಕಿಲೋಮೀಟರನ್ನು ಮೀರಿ ಧಾವಿಸುವ, 150 ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಯಂತ್ರವನ್ನು ಕೆಲವೇ ಕ್ಷಣಗಳಲ್ಲಿ ತಿರುವಿಗೆ ತಕ್ಕ ವೇಗಕ್ಕೆ ಇಳಿಸಬೇಕು. ಆ ಗಳಿಗೆಯಲ್ಲಿ ಸವಾರನ ಮೈಯೆಲ್ಲ ಮುಂದಕ್ಕೆ ನುಗ್ಗುತ್ತದೆ. ಆ ಭಾರವನ್ನು ತೋಳುಗಳೇ ತಡೆಯಬೇಕು, ಅದೇ ತೋಳಿನ ಒಂದೆರಡು ಬೆರಳುಗಳು ಬ್ರೇಕನ್ನು ಕೂದಲೆಳೆಯ ಲೆಕ್ಕದಲ್ಲಿ ಅದುಮುತ್ತಿರಬೇಕು. ಸ್ನಾಯು ಬಿಗಿದು ಸಡಿಲಿ, ಬಿಗಿದು ಸಡಿಲಿ ದುಡಿದರೆ ಸಡಿಲಿದ ಬಿಡುವಿನಲ್ಲಿ ರಕ್ತ ಒಳಸೇರುತ್ತದೆ. ಬಟ್ಟೆ ಹಿಂಡುವವರಿಗೂ ರುಬ್ಬುವವರಿಗೂ ಆ ಬಿಡುವು ಉಂಟು. ಓಟದ ಸವಾರನಿಗೆ ಸುಮಾರು ನಲವತ್ತು ನಿಮಿಷ ಅದು ದೊರೆಯುವುದು ನೇರ ರಸ್ತೆಯಲ್ಲಿ ಮಾತ್ರ, ಅದೂ ಕೆಲವು ಸೆಕೆಂಡು.

ರೋಗಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಓಟ ಮುಗಿದು ಕೈಚೀಲವನ್ನು ಕಳಚಿ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ನೋವು ತಾನಾಗಿ ಇಳಿಯುತ್ತದೆ. ಮರುದಿನ ವೈದ್ಯರ ಬಳಿಗೆ ಹೋದಾಗ ತೋಳು ಮೆತ್ತಗೆ, ನಾಡಿ ಸರಿ, ಎಕ್ಸ್-ರೇ ಚಿತ್ರದಲ್ಲಿ ಎಲುಬು ನಿರ್ದೋಷ. ಏನೂ ಇಲ್ಲವೆಂದು ಹೇಳಿಸಿಕೊಂಡು ಮನೆಗೆ ಬಂದವರೆಷ್ಟೋ! ಸೋಲಿಗೆ ನೆಪ ಹುಡುಕುವವನೆಂಬ ಅಪವಾದ ಬೇರೆ. ಆದ್ದರಿಂದ ಅನುಭವಿಗಳಾದ ವೈದ್ಯರು ರೋಗಿಗೆ ಮೊದಲು ನೋವು ಬರಿಸುತ್ತಾರೆ. ಕೈಯಲ್ಲಿ ಒಂದು ಸ್ಪ್ರಿಂಗಿನ ಹಿಡಿಯನ್ನು ಕೊಟ್ಟು ತಾಳಲಾರದಷ್ಟು ಹೊತ್ತು ಹಿಚುಕಿಸುತ್ತಾರೆ. ಶ್ರಮಕ್ಕೆ ಮುಂಚೆಯೂ ಶ್ರಮದ ಅನಂತರವೂ ಸೂಜಿಯೊಂದನ್ನು ಸ್ನಾಯುವಿನ ಕೋಣೆಯೊಳಕ್ಕೆ ಚುಚ್ಚಿ ಅಲ್ಲಿನ ಒತ್ತಡವನ್ನು ಅಳೆಯುತ್ತಾರೆ. ರಕ್ತದ ಒತ್ತಡದಂತೆ ಇದನ್ನೂ ಪಾದರಸದ ಮಿಲಿಮೀಟರುಗಳಲ್ಲಿಯೇ ಹೇಳುವುದು. ವಿಶ್ರಾಂತಿಯಲ್ಲಿ 15, ಶ್ರಮ ನಿಂತ ಒಂದು ನಿಮಿಷಕ್ಕೆ 30, ಐದು ನಿಮಿಷಕ್ಕೆ 20. ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ರೋಗವಿದೆಯೆಂದು ಎಣಿಸುವ ವಾಡಿಕೆ. ಈ ಅಂಕೆಗಳನ್ನು 1990ರಲ್ಲಿ ಪೆಡೊವಿಟ್ಸ್ ಎಂಬುವರೂ ಅವರ ಸಂಗಡಿಗರೂ ಗೊತ್ತುಮಾಡಿದ್ದು ಕಾಲಿಗಾಗಿ. ಮುಂದೋಳಿಗೆಂದೇ ಎಲ್ಲರೂ ಒಪ್ಪಿದ ಅಂಕೆ ಇಲ್ಲದಿರುವುದರಿಂದ ಕಾಲಿನ ಅಳತೆಯನ್ನೇ ಕೈಗೆ ಎರವಲು ತಂದು ಬಳಸುತ್ತಿದ್ದಾರೆ. ಹಾಗೆ ಬಳಸುವಾಗ ರೋಗಿಯ ಮಾತಿಗೂ ಅಂಕೆಯಷ್ಟೇ ಬೆಲೆ ಕೊಡುವುದು ವಿವೇಕ.

ಕಾಲಿನ ಮಾತು ಬಂದದ್ದು ಅಕಸ್ಮಾತ್ತಲ್ಲ. ಈ ಬೇನೆ ಮೊದಲು ವೈದ್ಯರ ಕಣ್ಣಿಗೆ ಬಿದ್ದುದೇ ಕಾಲಿನಲ್ಲಿ. 1912ರ ಜನವರಿಯಲ್ಲಿ ಕ್ಯಾಪ್ಟನ್ ಸ್ಕಾಟನ ಸಂಗಡ ದಕ್ಷಿಣ ಧ್ರುವವನ್ನು ಮುಟ್ಟಿ ಹಿಂದಿರುಗುತ್ತಿದ್ದ ಡಾಕ್ಟರ್ ಎಡ್ವರ್ಡ್ ವಿಲ್ಸನ್ ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಊದಿಕೊಂಡು ನೋಯುತ್ತಿದ್ದುದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಆ ಹಿಮದಲ್ಲಿಯೇ ಅವರೆಲ್ಲರ ಪ್ರಾಣ ಹೋಯಿತು, ದಿನಚರಿ ಉಳಿಯಿತು. ಈ ರೋಗದ ಮೊದಲ ವರ್ಣನೆ ಅದೇ ಎಂದು ಮುಂದಿನ ವೈದ್ಯರು ಗುರುತಿಸಿದ್ದಾರೆ. 1956ರಲ್ಲಿ ಬ್ರಿಟನ್ನಿನ ಮೇವರ್ ಎಂಬ ಶಸ್ತ್ರವೈದ್ಯರು ಕಾಲ್ಚೆಂಡಿನ ಆಟಗಾರನೊಬ್ಬನ ಕಾಲಿನ ಪೊರೆಯನ್ನು ಸಡಿಲಿಸಿ ನೋವನ್ನು ನಿವಾರಿಸಿದ ಸಂಗತಿಯನ್ನು ಪ್ರಕಟಿಸಿದರು. ಕೈಗೂ ಕಾಲಿಗೂ ತತ್ತ್ವ ಒಂದೇ ಎಂಬುದು ಆಮೇಲಿನ ಕತೆ.

ಇದೇ ಕುಲದ, ಆದರೆ ಇದಕ್ಕಿಂತ ಬಹಳ ಕ್ರೂರವಾದ ಅಣ್ಣನೊಬ್ಬನಿದ್ದಾನೆ. ಅವನ ಪರಿಚಯ ಪ್ರತಿಯೊಂದು ಮನೆಗೂ ಅಗತ್ಯ. ಕೈ ಮುರಿದಾಗ, ಅಥವಾ ಮುರಿದ ಕೈಗೆ ಕಟ್ಟು ಅತಿ ಬಿಗಿಯಾದಾಗ, ಕೋಣೆಯ ಒತ್ತಡ ಏರಿ ಇಳಿಯದೆ ಅಲ್ಲಿಯೇ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಸ್ನಾಯು ಸತ್ತುಹೋಗುತ್ತದೆ. ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಂಡು ಜೀವಮಾನವೆಲ್ಲ ಹಾಗೆಯೇ ಉಳಿಯುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ಎಂಬ ವೈದ್ಯರು 1881ರಲ್ಲಿಯೇ ಇದನ್ನು ವಿವರಿಸಿದರು. ಬಿದಿರ ದಬ್ಬೆಯಿಟ್ಟು ಬಲವಾಗಿ ಬಿಗಿಯುವ ಕಟ್ಟಿನಿಂದ ನಮ್ಮ ದೇಶದಲ್ಲಿ ಹೀಗೆ ಕೈ ಕಳೆದುಕೊಂಡ ಮಕ್ಕಳುಂಟು. ಕಟ್ಟು ಹಾಕಿದ ಬಳಿಕ ನೋವು ತಗ್ಗುವ ಬದಲು ಏರುತ್ತಿದ್ದರೆ, ಬೆರಳನ್ನು ಮೆಲ್ಲನೆ ನೀಡಿದರೂ ಮಗು ಚೀರಿದರೆ, ಬೆಳಗಾಗಲಿ ಎಂದು ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು. ಸವಾರರ ಬೇನೆ ಇಷ್ಟು ಘಾತುಕವಲ್ಲ. ಶ್ರಮ ನಿಂತರೆ ಅದೂ ನಿಲ್ಲುತ್ತದೆ.

ಇನ್ನು ಶಸ್ತ್ರಚಿಕಿತ್ಸೆಯ ವಿಚಾರ. ಹೇಳುವುದಕ್ಕೆ ಇಷ್ಟು ಸರಳವಾದದ್ದು ಶಸ್ತ್ರವೈದ್ಯದಲ್ಲಿ ಹೆಚ್ಚಿಲ್ಲ. ತೋಳನ್ನು ಮರಗಟ್ಟಿಸಿ, ಅಥವಾ ರೋಗಿಗೆ ಪೂರ್ತಿ ಎಚ್ಚರ ತಪ್ಪಿಸಿ, ಚರ್ಮವನ್ನು ಸೀಳುತ್ತಾರೆ. ಅದರ ಕೆಳಗೆ ಹೊಳೆಯುವ ಬಿಳಿಯ ಪೊರೆಯನ್ನು ಮೊಣಕೈಯ ಕಡೆಯಿಂದ ಮಣಿಕಟ್ಟಿನ ಕಡೆಗೆ ಉದ್ದಕ್ಕೆ ಕತ್ತರಿಸುತ್ತಾರೆ. ಬಿಗಿದ ಮೂಟೆಯ ಹೊಲಿಗೆ ಬಿಚ್ಚಿದಂತೆ ಸ್ನಾಯು ಹೊರಕ್ಕೆ ಉಬ್ಬುತ್ತದೆ. ಅನಂತರ ಚರ್ಮವನ್ನು ಮಾತ್ರ ಹೊಲಿಯುತ್ತಾರೆ. ಪೊರೆಯನ್ನು ಹೊಲಿಯದೆ ಹಾಗೆಯೇ ಬಿಡುತ್ತಾರೆ. ಕೆಲವರು ತೋಳಿನುದ್ದಕ್ಕೂ ಸೀಳುತ್ತಾರೆ. ಕೆಲವರು ಒಂದೆರಡು ಸಣ್ಣ ಗಾಯಗಳಿಂದ ಒಳಹೊಕ್ಕು ಕತ್ತರಿಯನ್ನು ಚರ್ಮದಡಿಯಲ್ಲಿ ಜಾರಿಸುತ್ತಾರೆ. ದೀಪವೂ ಮಸೂರವೂ ಉಳ್ಳ ಸಣ್ಣ ನಳಿಕೆಯಲ್ಲಿ ನೋಡುತ್ತ ಕತ್ತರಿಸುವವರೂ ಇದ್ದಾರೆ. ದೊಡ್ಡ ಗಾಯದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕಲೆ ಉಳಿಯುತ್ತದೆ. ಸಣ್ಣ ಗಾಯದಲ್ಲಿ ಬೇಗ ಮಾಯುತ್ತದೆ, ಆದರೆ ಚರ್ಮದಡಿಯ ಎಳೆನರಗಳಿಗೆ ಕತ್ತರಿ ತಾಗೀತೆಂಬ ಭಯ. ಒಳಮಗ್ಗುಲ ಕೋಣೆಯೊಂದನ್ನೇ ತೆರೆದರೆ ಸಾಕೆ, ಹೊರಮಗ್ಗುಲದ್ದನ್ನೂ ತೆರೆಯಬೇಕೆ ಎಂಬ ವಾದ ಇಂದಿಗೂ ಮುಗಿದಿಲ್ಲ.

ಗಾಯದ ಒಳಗೆ ರಕ್ತ ಕಟ್ಟಿಕೊಳ್ಳದಂತೆ ನೋಡಿಕೊಂಡು, ಬೆರಳುಗಳನ್ನು ಬೇಗನೆ ಆಡಿಸತೊಡಗಬೇಕು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸವಾರ ಮತ್ತೆ ಹಿಡಿಕೆಗೆ ಕೈಯಿಡುತ್ತಾನೆ. ಬಹುಮಂದಿಗೆ ಗುಣವಾಗಿರುವುದೂ ನಿಜ. ಆದರೆ ಈ ವರದಿಗಳು ಬಹುಮಟ್ಟಿಗೆ ಒಬ್ಬೊಬ್ಬ ವೈದ್ಯರು ತಮ್ಮಲ್ಲಿಗೆ ಬಂದ ಕೆಲವೇ ರೋಗಿಗಳನ್ನು ಕುರಿತು ಬರೆದವು. ಶಸ್ತ್ರಕ್ಕೆ ಒಳಗಾದವರನ್ನೂ ಆಗದವರನ್ನೂ ದೊಡ್ಡ ಸಂಖ್ಯೆಯಲ್ಲಿ ಸರಿಸಮನಾಗಿ ತೂಗಿ ನೋಡಿದ ಪರೀಕ್ಷೆ ನಡೆದಿಲ್ಲ. ಗೆದ್ದವರ ಕತೆ ಪತ್ರಿಕೆಗಳಲ್ಲಿ ಬರುತ್ತದೆ. ಗುಣ ಕಾಣದವನು ಯಾರಿಗೂ ಹೇಳದೆ ಸಣ್ಣ ಪಂದ್ಯಗಳಿಗೆ ಸರಿದುಹೋಗುತ್ತಾನೆ.

ದೇಹಕ್ಕೂ ಒಂದು ಹಟವಿದೆ. ಕತ್ತರಿಸಿದ್ದನ್ನು ಕೂಡಿಸುವುದು ಅದರ ಸ್ವಭಾವ. ವೈದ್ಯರು ತೆರೆದಿಟ್ಟ ಪೊರೆಯ ಅಂಚುಗಳ ನಡುವೆ ಅದು ಕಲೆಯ ಅಂಗಾಂಶವನ್ನು ನೇಯತೊಡಗುತ್ತದೆ. ಕೆಲವರಲ್ಲಿ ಈ ಹೊಸ ನೇಯ್ಗೆ ಹಳೆಯ ಪೊರೆಗಿಂತ ಬಿಗಿಯಾಗಿ ಬರುವುದುಂಟು. ಹೀಗೆ ಮತ್ತೆ ನೋವು ಕಾಣಿಸಿಕೊಂಡಾಗ ಕೆಲವು ಶಸ್ತ್ರವೈದ್ಯರು ಪೊರೆಯನ್ನು ಸೀಳುವುದಕ್ಕೆ ಬದಲಾಗಿ ಅದರ ಒಂದು ಪಟ್ಟಿಯನ್ನೇ ಕಿತ್ತು ತೆಗೆಯುತ್ತಾರೆ. ಕ್ವಾರ್ಟರಾರೋವಿನ ಬಲತೋಳಿಗೂ 2021ರ ಶಸ್ತ್ರ ಮೊದಲನೆಯದಲ್ಲ. 2019ರ ಜೂನ್ ತಿಂಗಳಲ್ಲಿ ಒಮ್ಮೆ ಆಗಿತ್ತು. ಅಂದೂ ಎರಡು ವಾರ ತುಂಬುವ ಮೊದಲೇ ಬಾರ್ಸಿಲೋನಾದಲ್ಲಿ ಆತ ಎರಡನೆಯ ಸ್ಥಾನ ಗಳಿಸಿದ್ದನು. ಎರಡು ವರ್ಷಗಳೊಳಗೆ ಹೆರೆಸಿನ ಆ ಅಪರಾಹ್ನ ಬಂದೇ ಬಂದಿತು.

ಹಾಗಾದರೆ ಕತ್ತಿಯಿಲ್ಲದ ಉಪಾಯವಿಲ್ಲವೆ? ಉಂಟು, ಮತ್ತು ಮೊದಲು ಅವನ್ನೇ ಮಾಡಿ ನೋಡಬೇಕು. ಹಿಡಿಕೆಯ ದಪ್ಪವನ್ನೂ ಬ್ರೇಕಿನ ಕೋಲಿನ ಓರೆಯನ್ನೂ ತಿದ್ದುವುದು; ಮೈಭಾರವನ್ನು ತೋಳಿನ ಮೇಲೆ ಹೊರಿಸದೆ ತೊಡೆಗಳಿಂದ ಪೆಟ್ರೋಲು ತೊಟ್ಟಿಯನ್ನು ಅವುಚಿ ತಡೆಯುವುದು; ಹೆದರಿದವನಂತೆ ಹಿಡಿಕೆಯನ್ನು ಹಿಚುಕುವ ಅಭ್ಯಾಸವನ್ನು ಬಿಡುವುದು. ಇವೆಲ್ಲ ಸಣ್ಣ ಮಾತುಗಳಂತೆ ಕಂಡರೂ ಕೆಲವರಿಗೆ ಇಷ್ಟರಿಂದಲೇ ಸಾಕಾಗಿದೆ. ಇವೆಲ್ಲಕ್ಕಿಂತ ಖಚಿತವಾದ ಔಷಧವೊಂದಿದೆ, ಅದನ್ನು ಯಾವ ವೈದ್ಯರೂ ಬಲ್ಲರು: ಓಟವನ್ನು ಬಿಟ್ಟುಬಿಡುವುದು. ಬಿಟ್ಟವನ ತೋಳು ನೋಯುವುದಿಲ್ಲ. ಊಟ ಮಾಡಲು, ಬರೆಯಲು, ಮಗುವನ್ನೆತ್ತಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಜೀವ ಉಳಿಸಲಿಕ್ಕಾಗಲಿ ಕೈ ಉಳಿಸಲಿಕ್ಕಾಗಲಿ ಅಲ್ಲದೆ, ಮಾಡುತ್ತಿದ್ದುದನ್ನೇ ಮುಂದುವರಿಸಲಿಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಇದು. ಹಾಗಿರುವಾಗ, ಒಂದೆರಡು ಓಟಗಳಲ್ಲಿ ತೋಳು ಬಿಗಿಯಿತೆಂದ ಮಾತ್ರಕ್ಕೆ, ಅಳತೆಯೂ ಇಲ್ಲದೆ ಅಭ್ಯಾಸವನ್ನೂ ತಿದ್ದದೆ ಹದಿಹರೆಯದ ಹುಡುಗರನ್ನು ಕತ್ತರಿಗೆ ಒಡ್ಡುವುದು ಎಷ್ಟುಮಟ್ಟಿಗೂ ಸರಿಯಲ್ಲ. ಪೇಟೆಯಲ್ಲಿ ದಿನವೂ ಸ್ಕೂಟರು ನಡೆಸಿ ಮಣಿಕಟ್ಟು ನೋಯಿಸಿಕೊಳ್ಳುವವರೂ ಇದನ್ನೋದಿ ಗಾಬರಿಪಡಬೇಕಾಗಿಲ್ಲ. ಅವರ ನೋವಿಗೆ ಸಾಮಾನ್ಯವಾಗಿ ಬೇರೆ ಕಾರಣಗಳಿರುತ್ತವೆ.

ಆದರೆ ಬಿಡಲಾರದವನ ಸಂಕಟವೇ ಬೇರೆ. ಸ್ಪೇನಿನ ದಾನಿ ಪೆದ್ರೋಸಾನನ್ನು ನೋಡಿ. 160 ಸೆಂಟಿಮೀಟರ್ ಎತ್ತರದ, ತನ್ನ ತೂಕದ ಸುಮಾರು ಮೂರು ಪಟ್ಟು ತೂಗುವ ಯಂತ್ರವನ್ನು ಪಳಗಿಸಿದ ಕುಳ್ಳ ಸವಾರ. ಸಣ್ಣ ಯಂತ್ರಗಳ ವರ್ಗಗಳಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್. 2014ರ ಮೇ ತಿಂಗಳಲ್ಲಿ ಆತನ ಬಲತೋಳಿಗೆ ಶಸ್ತ್ರಚಿಕಿತ್ಸೆಯಾಯಿತು, ನೋವು ಹೋಗಲಿಲ್ಲ. ವರ್ಷವಿಡೀ ನರಳಿದನು, ಚಳಿಗಾಲದಲ್ಲೆಲ್ಲ ಬೇರೆ ಬೇರೆ ಚಿಕಿತ್ಸೆಗಳನ್ನು ಮಾಡಿ ನೋಡಿದನು. ಮತ್ತೊಮ್ಮೆ ಕತ್ತರಿಸುವುದು ಬೇಡವೆಂದು ಅನೇಕ ವೈದ್ಯರು ಹೇಳಿದರು. 2015ರ ಮೊದಲ ಓಟ ಕತಾರಿನಲ್ಲಿ. ಆರನೆಯವನಾಗಿ ಮುಗಿಸಿ ಇಳಿದವನೇ, ಇನ್ನು ಹೀಗೆ ಮುಂದುವರಿಯಲಾರೆನೆಂದು ಎಲ್ಲರ ಮುಂದೆ ಒಪ್ಪಿಕೊಂಡನು. ಇನ್ನೊಂದು ಸಲ ಕತ್ತರಿಸಿ ಕೆಟ್ಟರೆ ಓಟದ ಬದುಕೇ ಮುಗಿದಂತೆ. ಕತ್ತರಿಸದಿದ್ದರೂ ಹೇಗೂ ಮುಗಿದಂತೆಯೇ. ಏಪ್ರಿಲ್ ಮೊದಲ ವಾರದಲ್ಲಿ ಮ್ಯಾಡ್ರಿಡ್ಡಿನ ಡಾಕ್ಟರ್ ಆಂಖೆಲ್ ವಿಯಾಮೋರ್ ಅವರ ಕತ್ತಿಗೆ ತೋಳನ್ನೊಪ್ಪಿಸಿದನು. ಈ ಬಾರಿಯದು ಎರಡೇ ವಾರಗಳಲ್ಲಿ ಮರಳುವಂಥ ಚಿಕಿತ್ಸೆಯಾಗಿರಲಿಲ್ಲ. ಮೂರು ಓಟಗಳು ಆತನಿಲ್ಲದೆ ನಡೆದುಹೋದುವು. ಆತನ ಯಂತ್ರವನ್ನು ಜಪಾನಿನ ಹಿರೋಶಿ ಅಯೋಯಾಮಾ ಓಡಿಸಿದನು. ಮೇ ತಿಂಗಳಲ್ಲಿ ಲೆ ಮಾನ್‌ಗೆ ಪೆದ್ರೋಸಾ ಮರಳಿ ಬಂದಾಗ, ತೋಳು ಎಷ್ಟು ಸುತ್ತು ತಾಳೀತೆಂಬುದು ಯಾರಿಗೂ ತಿಳಿದಿರಲಿಲ್ಲ.

ಬೇಸಗೆಯೆಲ್ಲ ಕಳೆಯಿತು. ಅಕ್ಟೋಬರ್ 11ರಂದು ಜಪಾನಿನ ಮೋಟೆಗಿಯಲ್ಲಿ ಆತ ಗೆದ್ದನು. ಆದರೆ ಅಂದು ನೆಲ ಮಳೆಯಿಂದ ನೆನೆದಿತ್ತು. ಒದ್ದೆ ನೆಲದಲ್ಲಿ ಬ್ರೇಕನ್ನು ಮೆಲ್ಲನೆ ಹಿಡಿಯಬೇಕು, ಹಾಗಾಗಿ ತೋಳಿನ ಪರೀಕ್ಷೆ ಪೂರ್ತಿಯಾಯಿತೆನ್ನುವಂತಿರಲಿಲ್ಲ. ಎರಡು ವಾರಗಳ ಬಳಿಕ ಮಲೇಷಿಯಾದ ಸೆಪಾಂಗ್‌ನಲ್ಲಿ ನೆಲ ಒಣಗಿತ್ತು, ಬಿಸಿಲು ಕುದಿಯುತ್ತಿತ್ತು. ಪಥ ಐದೂವರೆ ಕಿಲೋಮೀಟರಿಗಿಂತ ಉದ್ದ, ಸುತ್ತುಗಳು ಇಪ್ಪತ್ತು. ಮೊದಲ ಸಾಲಿನ ಮೊದಲ ಸ್ಥಾನದಿಂದ ಹೊರಟ ಪೆದ್ರೋಸಾ ಕೊನೆಯವರೆಗೂ ಯಾರಿಗೂ ಎಡೆಗೊಡದೆ ಗೆದ್ದನು. ಅಂದು ಅವನ ಹಿಂದೆ ರೋಸ್ಸಿಗೂ ಮಾರ್ಕೆಸ್‌ಗೂ ನಡೆದ ಜಗಳದಲ್ಲಿ ಮಾರ್ಕೆಸ್ ಉರುಳಿಬಿದ್ದನು. ಆ ಜಗಳದ ಸದ್ದಿನಲ್ಲಿ ಗೆದ್ದವನ ಬಲತೋಳಿನ ಮಾತೆತ್ತಿದವರು ತೀರ ಕಡಮೆ.